ಯೆಜ್ಡಿ ಪಾಸು, ಮಾರುತಿ ಫೇಲು

ಗಾಡಿ ಹಳೆಯದಾದಷ್ಟೂ ಎಮಿಷನ್ ಪರೀಕ್ಷೆ ಕಷ್ಟ ಎನ್ನುವುದು ಎಲ್ಲರ ನಂಬಿಕೆ. ಕಾನೂನಿನ ಪಟ್ಟಿ ತೆರೆದರೆ ಕಥೆಯೇ ಉಲ್ಟಾ: ನಲವತ್ತರ ಬೈಕಿಗೆ ಧಾರಾಳ ರಿಯಾಯಿತಿ, ಇಪ್ಪತ್ತರ ಕಾರಿಗೆ ಬಿಗಿಪಟ್ಟು! ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ–ಯೆಜ್ಡಿ ದಿನದ ನೆಪದಲ್ಲಿ, ಸೈಲೆನ್ಸರ್ ಒಳಗಿನ ಲೆಕ್ಕಾಚಾರ.

ಬಸವನಗುಡಿ ಕಡೆಯ ಒಂದು ಪೆಟ್ರೋಲ್ ಬಂಕಿನ ಮೂಲೆ. ಹಿಂಬಾಗಿಲು ಎತ್ತಿ ನಿಲ್ಲಿಸಿದ ಓಮ್ನಿ ವ್ಯಾನು, ಒಳಗೊಂದು ಕಂಪ್ಯೂಟರು, ಧೂಳು ಮೆತ್ತಿದ ಪ್ರಿಂಟರು. ಸ್ಟೀಲ್ ಕೊಳವೆ ಹಿಡಿದ ಹುಡುಗ ಎದುರಿನ ಬೈಕಿನ ಹಿಂಬದಿಯನ್ನೇ ನೋಡುತ್ತ ನಿಂತಿದ್ದ.

“ಸಾರ್, ಇದಕ್ಕೆ ಎರಡು ಸೈಲೆನ್ಸರ್ ಇದೆಯಲ್ಲ. ಯಾವುದಕ್ಕೆ ಹಾಕ್ಲಿ?”

“ಎರಡಕ್ಕೂ ಹಾಕಪ್ಪಾ. ಎರಡೂ ನಂದೇ.”

1986ರ ಯೆಜ್ಡಿ ರೋಡ್‌ಕಿಂಗ್. ಮಾಲೀಕರು ಬ್ಯಾಂಕಿನಿಂದ ನಿವೃತ್ತರಾಗಿ ವರ್ಷಗಳಾದವು. ಗಾಡಿಗೆ ಮಾತ್ರ ಅವರು ನಿವೃತ್ತಿ ಕೊಟ್ಟಿಲ್ಲ. ಮುಂದಿನ ಭಾನುವಾರ ಜಾವಾ–ಯೆಜ್ಡಿ ದಿನ. ಊರಿನ ಹಳೇ ಬೈಕುಗಳೆಲ್ಲ ಒಂದೆಡೆ ಸೇರುತ್ತವೆ. ಅಷ್ಟರೊಳಗೆ ಕಾಗದಪತ್ರ ಸರಿಯಾಗಬೇಕು. ಆರ್‌ಟಿಒದಲ್ಲಿ ಮರುನೋಂದಣಿಯ ಗಡುವೂ ಹತ್ತಿರವಿದೆ.

ತೆರೆಯ ಮೇಲೆ ಅಂಕಿಗಳು ಏರಿದವು. ಕಾರ್ಬನ್ ಮಾನಾಕ್ಸೈಡ್ ಶೇ 5.2. ಹೈಡ್ರೋಕಾರ್ಬನ್ 9,800.

“ಫೇಲು ಸಾರ್.”

“ಯಾರು, ನಾನೋ ಗಾಡಿನೋ?”

ಹಿಂದೆ ಸಾಲಿನಲ್ಲಿ ಅವರ ಮಗ, 2004ರ ಮಾರುತಿ 800 ಜೊತೆ. ಹೊಗೆ ಇಲ್ಲ, ಸದ್ದಿಲ್ಲ, ಶೋರೂಮಿನ ಸರ್ವಿಸ್ ತಪ್ಪಿಸಿಲ್ಲ. ಅಪ್ಪನನ್ನು ನೋಡಿ ನಗುತ್ತಲೇ ಮುಂದೆ ಬಂದ. ಕಾರಿನ ಕಾರ್ಬನ್ ಮಾನಾಕ್ಸೈಡ್ ಶೇ 1.1. ಅದೂ ಫೇಲು!

ವಾರ ಕಳೆದು ಯೆಜ್ಡಿ ಮತ್ತೆ ಬಂತು. ಈ ಸಲ ಶೇ 3.8. ಪಾಸು. ಮಗನ ಪ್ರಶ್ನೆಯಲ್ಲಿ ನ್ಯಾಯವಿತ್ತು: “ಅಪ್ಪಂದು ಮೂರೂಮುಕ್ಕಾಲು ಇದ್ರೂ ಪಾಸು. ನಂದು ಒಂದು ದಾಟಿದ್ದಕ್ಕೆ ಫೇಲು. ಇದ್ಯಾವ ಲೆಕ್ಕ?”

ಹುಟ್ಟಿದ ವರ್ಷವೇ ಅಳತೆಗೋಲು

ಲೆಕ್ಕ ಇರುವುದು ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಲ್ಲಿ. ಓಡುತ್ತಿರುವ ಗಾಡಿಯನ್ನು ಇವತ್ತಿನ ಹೊಸ ಗಾಡಿಯ ಪಕ್ಕ ನಿಲ್ಲಿಸಿ ಅದು ಅಳೆಯುವುದಿಲ್ಲ. ತಯಾರಾದ ಕಾಲದಲ್ಲಿ ಯಾವ ತಂತ್ರಜ್ಞಾನ ಇತ್ತೋ ಅದಕ್ಕೆ ತಕ್ಕ ಮಿತಿ ಕೊಡುತ್ತದೆ.

2000ನೇ ಇಸವಿಯ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ, ತ್ರಿಚಕ್ರ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇ 4.5ರವರೆಗೂ ಅಡ್ಡಿಯಿಲ್ಲ, ಹೈಡ್ರೋಕಾರ್ಬನ್ 9,000 ಪಿಪಿಎಂವರೆಗೆ ಮಾಫಿ. ಮೈಸೂರಿನಲ್ಲಿ ಯೆಜ್ಡಿ ತಯಾರಿಕೆ ನಿಂತದ್ದು 1996ರಲ್ಲಿ. ಅಂದರೆ ಆ ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ಯೆಜ್ಡಿಯೂ ಇದೇ ಧಾರಾಳ ಸಾಲಿನಲ್ಲಿ ಕೂರುತ್ತದೆ.

ಕಾರುಗಳದ್ದು ಬೇರೆ ಕಥೆ. ಭಾರತ್ ಸ್ಟೇಜ್ 2ಕ್ಕಿಂತ ಮುಂಚಿನ ಪೆಟ್ರೋಲ್ ಕಾರಿಗೆ ಶೇ 3, ಹೈಡ್ರೋಕಾರ್ಬನ್ 1,500. ಸ್ಟೇಜ್ 2 ಮತ್ತು 3ರ ಕಾರಿಗೆ ಒಂದೇ ಏಟಿಗೆ ಶೇ 0.5 ಮತ್ತು 750. ಬೆಂಗಳೂರಿಗೆ ಸ್ಟೇಜ್ 2 ಕಾಲಿಟ್ಟದ್ದು 2003ರ ಏಪ್ರಿಲ್‌ನಲ್ಲಿ. ಮಗನ ಕಾರು 2004ರದ್ದು. ಅದೇ ಮಾಡೆಲ್ಲಿನ 1995ರ ಕಾರು ಶೇ 2.9 ಉಗುಳಿದರೂ ಸರ್ಟಿಫಿಕೇಟ್ ಹಿಡಿದು ಮನೆಗೆ ಹೋಗುತ್ತದೆ. 2004ರದ್ದು ಶೇ 0.6ಕ್ಕೆ ಮುಗ್ಗರಿಸುತ್ತದೆ.

ಇದನ್ನು ಅನ್ಯಾಯ ಎನ್ನಲಾಗದು. ಸ್ಟೇಜ್ 2ರ ಕಾರಿಗೆ ಕಂಪನಿಯೇ ಕ್ಯಾಟಲಿಟಿಕ್ ಕನ್ವರ್ಟರ್ ಕೊಟ್ಟಿದೆ, ಇಂಧನ ಅಳೆದು ಹನಿಸುವ ಕಂಪ್ಯೂಟರ್ ಕೊಟ್ಟಿದೆ. ಕೊಟ್ಟದ್ದನ್ನು ಸರಿಯಾಗಿ ಇಟ್ಟುಕೊಂಡಿದ್ದೀಯಾ ಎಂದಷ್ಟೇ ಪರೀಕ್ಷೆ ಕೇಳುತ್ತದೆ. ಯೆಜ್ಡಿಗೆ ಕೊಟ್ಟದ್ದು ಒಂದು ಕಾರ್ಬುರೇಟರು, ಒಂದು ಪ್ಲಗ್ಗು. ಅದನ್ನು ಕೇಳುವುದೂ ಅಷ್ಟನ್ನೇ.

ಯಾದವಗಿರಿಯ ಗುಡುಗು

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ಇರಾನಿ ಕುಟುಂಬ ಬಂಡವಾಳ ಹೂಡಿತು, ಜೆಕೊಸ್ಲೊವಾಕಿಯಾದ ಜಾವಾ ಕಂಪನಿ ತಂತ್ರಜ್ಞಾನ ಕೊಟ್ಟಿತು. ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. 250 ಸಿಸಿ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರ್ರೇ ಮುಂದಕ್ಕೆ ತಿರುಗಿ ಗೇರ್ ಆಗುವ ವಿಚಿತ್ರ ಬೇರೆ.

1990ರ ದಶಕ ಈ ಗುಡುಗಿಗೆ ಒಗ್ಗಲಿಲ್ಲ. ಹೆಚ್ಚು ಮೈಲೇಜಿನ 100 ಸಿಸಿ ಜಪಾನಿ ಮಾದರಿಗಳು ಮಾರುಕಟ್ಟೆ ಹಿಡಿದವು, ಕಾರ್ಖಾನೆಯೊಳಗೆ ಕಾರ್ಮಿಕರ ತಕರಾರು ಬೆಳೆಯಿತು, ಹೊಸ ಗಾಡಿಗಳ ಮಾಲಿನ್ಯ ಮಿತಿ 1996ರಲ್ಲಿ ಮತ್ತಷ್ಟು ಬಿಗಿಯಾಯಿತು. ಅದೇ ವರ್ಷ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದವು. ಆದರೆ ಬಂದದ್ದು ಹೆಸರು. ಒಳಗಿರುವುದು ಫೋರ್‌ಸ್ಟ್ರೋಕ್ ಇಂಜಿನ್ನು, ಫ್ಯುಯಲ್ ಇಂಜೆಕ್ಷನ್ನು.

ಹಳೆಯ ಟೂಸ್ಟ್ರೋಕ್ ಹೊಗೆಯಾಡುವುದು ಅದರ ಹುಟ್ಟುಗುಣ. ಅದರಲ್ಲಿ ಕವಾಟಗಳಿಲ್ಲ, ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನ ಗೋಡೆಯ ಕಿಂಡಿಗಳು ತೆರೆಯುತ್ತವೆ. ಸುಟ್ಟ ಹೊಗೆಯನ್ನು ಹೊರದೂಡುವ ಕೆಲಸವನ್ನು ಒಳಗೆ ಬರುವ ಹೊಸ ಪೆಟ್ರೋಲ್ ಮಿಶ್ರಣವೇ ಮಾಡಬೇಕು. ದೂಡುವ ಭರದಲ್ಲಿ ಅದರ ಒಂದು ಪಾಲು ತಾನೂ ಹೊರಗೆ ಹೋಗಿಬಿಡುತ್ತದೆ. ಯಂತ್ರದ ತೆರೆಯಲ್ಲಿ ಕಾಣುವ ಹೈಡ್ರೋಕಾರ್ಬನ್ ಬಹುಪಾಲು ಅದೇ: ಸುಡದೆ ಹೋದ ಪೆಟ್ರೋಲು ಮತ್ತು ಎಣ್ಣೆ. ನೀವು ಬಂಕಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದು.

ಒಂದು ವಾರದಲ್ಲಿ ಆದದ್ದೇನು?

5.2ರಿಂದ 3.8ಕ್ಕೆ ಇಳಿದದ್ದು ಕಲಾಸಿಪಾಳ್ಯದ ಹಿಂಬದಿಯ ಒಂದು ಗ್ಯಾರೇಜಿನಲ್ಲಿ. ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ಲೀಟರ್‌ಗೆ ಎಣ್ಣೆ ಎಷ್ಟು ಹಾಕ್ತೀರಾ ಸಾರ್?”

“60 ಎಂ.ಎಲ್. ಇಂಜಿನ್ ಸೇಫ್ ಇರ್ಲಿ ಅಂತ.”

“ಅದಕ್ಕೇ ನಿಮ್ಮ ಹಿಂದೆ ಬರೋರು ಹಗಲಲ್ಲೇ ಲೈಟ್ ಹಾಕ್ಕೊಂಡು ಬರ್ತಾರೆ.”

ಈಗಿನ 2ಟಿ ಆಯಿಲ್‌ಗೆ ಲೀಟರ್ ಪೆಟ್ರೋಲಿಗೆ 30ರಿಂದ 40 ಎಂ.ಎಲ್. ಸಾಕು. ಅತಿಯಾದ ಎಣ್ಣೆ ಪ್ಲಗ್ಗಿಗೆ ಮೆತ್ತಿಕೊಂಡು ಕಿಡಿ ತಪ್ಪಿಸುತ್ತದೆ, ಸೈಲೆನ್ಸರಿನಲ್ಲಿ ಕರಿ ಕಟ್ಟಿಸುತ್ತದೆ. ಕರಿ ಕಟ್ಟಿದ ಸೈಲೆನ್ಸರು ಹೊಗೆಯನ್ನು ಹೊರಗೆ ಬಿಡದೆ ವಾಪಸ್ ನೂಕುತ್ತದೆ. ಮುಂದಿನ ಸುತ್ತಿನ ಉರಿ ಇನ್ನಷ್ಟು ಕೆಡುತ್ತದೆ. ಬ್ಯಾಂಕಿನವರ ಬೈಕಿನಲ್ಲಿ ಎಡಗಡೆಯ ಪೈಪು ಹೆಚ್ಚುಕಮ್ಮಿ ಮುಚ್ಚಿಯೇ ಹೋಗಿತ್ತು. ಒಳಗಿನ ಬ್ಯಾಫಲ್ ಎಳೆದು, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕೆರೆದು ತೆಗೆದರು.

ನಂತರ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟು. ಅದರ ಅಂತರ 0.4 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ಸವೆದಿದ್ದರೆ ಕಿಡಿ ತಡವಾಗುತ್ತದೆ. ಹೊಸ ಪ್ಲಗ್ಗು ಹಾಕಿದರು. ಈ ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಪ್ಲಗ್ಗೆಂದರೆ ಇಂದಿಗೂ ‘ಮೈಕೋ’. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ, ಬಡಾವಣೆಯ ಹೆಸರಿನಲ್ಲೂ ಗ್ಯಾರೇಜಿನ ಮಾತಿನಲ್ಲೂ ಮೈಕೋ ಉಳಿದಿದೆ.

ಜೀಕೋವ್ ಕಾರ್ಬುರೇಟರ್ ಬಿಚ್ಚಿ, ಫ್ಲೋಟ್ ಮಟ್ಟ ಇಳಿಸಿ, ಸೂಜಿಯ ಕ್ಲಿಪ್ ಒಂದು ಗೀರು ಸರಿಸಿದರು. ಕೊನೆಯದಾಗಿ ಐಡ್ಲಿಂಗ್ ಸ್ಕ್ರೂ. ಅನೇಕರು ಇಲ್ಲಿಂದಲೇ ಶುರುಮಾಡುತ್ತಾರೆ. ಕೊಳೆಯನ್ನೆಲ್ಲ ಹಾಗೇ ಬಿಟ್ಟು ಗಾಳಿ ಜಾಸ್ತಿ ಕೊಟ್ಟರೆ ತೆರೆಯ ಮೇಲೆ ಕಾರ್ಬನ್ ಮಾನಾಕ್ಸೈಡ್ ಇಳಿಯುವುದು ನಿಜ, ಆದರೆ ಮಿಶ್ರಣ ಬಡವಾಗಿ ಮೈಸೂರು ರಸ್ತೆಯ ನಡುವೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಗೆ ನಿಲ್ಲದಿದ್ದರೆ ಆಯಿಲ್ ಸೀಲ್ ಕಡೆ ಕಣ್ಣು ಹಾಯಿಸಬೇಕು. ಕ್ಲಚ್ ಬದಿಯ ಸೀಲು ಹೋದರೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಇಂಜಿನ್ನು ಹೀರಿ ಸುಡುತ್ತದೆ. ಡೈನಮೋ ಬದಿಯದು ಹೋದರೆ ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ತನ್ನಷ್ಟಕ್ಕೆ ಏರುತ್ತದೆ. ಅದು ಇಂಜಿನ್ ಬಿಚ್ಚುವ ಕೆಲಸ, ಹಬ್ಬದ ಹಿಂದಿನ ದಿನ ಆಗುವಂಥದ್ದಲ್ಲ.

*ಬಾಕ್ಸ್*
ಚೀಟಿ ಓದುವುದು ಹೇಗೆ?
ಕಾರ್ಬನ್ ಮಾನಾಕ್ಸೈಡ್ ಮಾತ್ರ ಜಾಸ್ತಿ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್, ಚೋಕ್, ಫ್ಲೋಟ್ ನೋಡಿ.
ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ: ಕಿಡಿ ತಪ್ಪುತ್ತಿದೆ ಅಥವಾ ಮಿಶ್ರಣ ತೀರಾ ಬಡವಾಗಿದೆ. ಪ್ಲಗ್, ಪಾಯಿಂಟ್, ಟೈಮಿಂಗ್.
ಎರಡೂ ಜಾಸ್ತಿ: ಪೆಟ್ರೋಲೂ ಹೆಚ್ಚು, ಉರಿಯೂ ಸರಿಯಿಲ್ಲ. ಟೂಸ್ಟ್ರೋಕ್‌ನಲ್ಲಿ ಮೊದಲು ಎಣ್ಣೆಯ ಪ್ರಮಾಣ ಮತ್ತು ಸೈಲೆನ್ಸರ್.
ಆಮ್ಲಜನಕ ವಿಪರೀತ ಜಾಸ್ತಿ: ಸೈಲೆನ್ಸರಿನಲ್ಲಿ ತೂತು, ಇಲ್ಲವೇ ಕೊಳವೆ ಪೂರ್ತಿ ಒಳಗೆ ಹೋಗಿಲ್ಲ.

ಮಗನ ಕಾರಿನ ಗುಟ್ಟು

ಮಾರುತಿಯ ಕಥೆಯಲ್ಲಿ ಸ್ಕ್ರೂಡ್ರೈವರ್‌ಗೆ ಪಾತ್ರವಿಲ್ಲ. ಇಂಜಿನ್ನಿನಿಂದ ಹೊರಟ ಹೊಗೆ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಜಾಲದ ಮೂಲಕ ಹಾದುಹೋಗುತ್ತದೆ. ಆ ಜಾಲಕ್ಕೆ ಸವರಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳು ವಿಷಾನಿಲವನ್ನು ಅಲ್ಲೇ ಪಳಗಿಸುತ್ತವೆ. ಅದು ಕೆಲಸ ಶುರುಮಾಡುವುದು ಸುಮಾರು 250–300 ಡಿಗ್ರಿ ಬಿಸಿಯಾದ ಮೇಲೆ. ಮನೆಯಿಂದ ಎರಡು ರಸ್ತೆ ಆಚೆಯ ಬಂಕಿಗೆ ತಂದು, ಸಾಲಿನಲ್ಲಿ ಇಂಜಿನ್ ಆಫ್ ಮಾಡಿ ಕಾದು, ಸ್ಟಾರ್ಟ್ ಮಾಡಿದ ಕೂಡಲೇ ಕೊಳವೆ ಹಾಕಿಸಿದರೆ ಒಳ್ಳೆಯ ಕಾರೂ ಸೋಲಬಹುದು.

ಅದಕ್ಕೇ ಬಲ್ಲವರು ರಿಂಗ್ ರೋಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಬಿಸಿ ಆರುವ ಮುಂಚೆ ಬಂದು ನಿಲ್ಲುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಇಂಜಿನ್ ಬಿಸಿಯಾಗಿರಬೇಕು ಎಂಬುದು ಪರೀಕ್ಷೆಯ ಷರತ್ತೇ.

ಮಗ ಅದನ್ನೂ ಮಾಡಿದ. 1.1 ಇದ್ದದ್ದು 0.9 ಆಯಿತು, ಅಷ್ಟೇ. ಆಮೇಲೆ ಏರ್ ಫಿಲ್ಟರ್, ಪ್ಲಗ್, ಆಯಿಲ್ ಬದಲಾದವು. ಹಳೇ ಇಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ಬೆರೆತಿದ್ದರೆ ಅದರ ಆವಿಯೂ ಲೆಕ್ಕಕ್ಕೆ ಸೇರುತ್ತದೆ. ಅಸಲಿ ಕಳ್ಳ ಸಿಕ್ಕಿದ್ದು ಕೊನೆಗೆ: ಸೈಲೆನ್ಸರ್ ಪೈಪಿನ ಮೇಲಿನ ಆಕ್ಸಿಜನ್ ಸೆನ್ಸರ್. ವಯಸ್ಸಾಗಿ ಮಂದವಾಗಿದ್ದ ಅದು ಗಾಳಿ ಜಾಸ್ತಿಯಿದೆ ಎಂದು ಸುಳ್ಳು ವರದಿ ಕೊಡುತ್ತಿತ್ತು. ಅದನ್ನು ನಂಬಿದ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇತ್ತು. ಶೋರೂಮಿನ ಸರ್ವಿಸ್ ಪಟ್ಟಿಯಲ್ಲಿ ಆ ಸೆನ್ಸರ್ ಯಾವತ್ತೂ ಬಂದಿರಲಿಲ್ಲ.

ಅವನ ಪುಣ್ಯ, ಕನ್ವರ್ಟರ್ ಇನ್ನೂ ಜೀವಂತವಿತ್ತು. ಅದೇ ಸತ್ತಿದ್ದರೆ ಖರ್ಚು ಕಾರಿನ ಮಾರಾಟ ಬೆಲೆಯನ್ನೇ ಅಣಕಿಸುವಷ್ಟು ಬರುತ್ತಿತ್ತು. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಕನ್ವರ್ಟರ್ ಇರಬೇಕಾದ ಜಾಗದಲ್ಲಿ ಬರೀ ಪೈಪು ಸಿಗುವುದೂ ಉಂಟು. ಲೋಹದ ಆಸೆಗೆ ಯಾರೋ ಮೊದಲೇ ಕತ್ತರಿಸಿ ಗುಜರಿಗೆ ಕೊಟ್ಟಿರುತ್ತಾರೆ.

ಗಾಡಿಯಿಲ್ಲದೆ ಸರ್ಟಿಫಿಕೇಟು

ಈಗ ಕಹಿ ವಿಷಯ. ಈ ಕಷ್ಟವೆಲ್ಲ ಪಡದೆ, ಗಾಡಿಯನ್ನೂ ತರದೆ ಸರ್ಟಿಫಿಕೇಟ್ ಪಡೆಯುವ ದಾರಿಗಳು ಎಲ್ಲರಿಗೂ ಗೊತ್ತು. ನಂಬರ್ ಪ್ಲೇಟ್ ಫೋಟೊ, ಓಟಿಪಿ, ವಾಹನ್ ಜಾಲತಾಣಕ್ಕೆ ನೇರ ಅಪ್‌ಲೋಡ್ ಬಂದಮೇಲೆ ಸ್ವಲ್ಪ ಬಿಗಿಯಾಗಿದೆ. ಆದರೂ ಕೊಳವೆಯನ್ನು ಅರ್ಧ ಹೊರಗೆಳೆದು ಹೊರಗಾಳಿ ಬೆರೆಸುವ ಕೈಚಳಕ ಸತ್ತಿಲ್ಲ. ಇಂಗಾಲದ ಡೈಆಕ್ಸೈಡ್ ಅಂಕಿ ನೋಡಿದರೆ ಗುಟ್ಟು ಬಯಲು. ಆರೋಗ್ಯವಾಗಿರುವ ಪೆಟ್ರೋಲ್ ಕಾರಿನಲ್ಲಿ ಅದು ಶೇ 14ರ ಹತ್ತಿರ ಇರಬೇಕು. ಏಳೋ ಎಂಟೋ ತೋರಿಸಿದರೆ ಯಂತ್ರ ಉಸಿರಾಡಿದ್ದು ಅರ್ಧ ಬಂಕಿನ ಗಾಳಿ.

ನನಗೆ ಇದರಲ್ಲಿ ಕಾಣುವ ದೊಡ್ಡ ನಷ್ಟ ಗಾಡಿಯ ಮಾಲೀಕನದೇ. ಎಮಿಷನ್ ಯಂತ್ರ ಇಂಜಿನ್ನಿನ ನಾಡಿ ಹಿಡಿದು ನೋಡುವ ಪಂಡಿತ; ಅಷ್ಟು ಅಗ್ಗಕ್ಕೆ ರೋಗ ಹೇಳುವವರು ಬೇರೆ ಯಾರೂ ಇಲ್ಲ. ಅವನ ಬಾಯಿ ಮುಚ್ಚಿಸಿ ಬಂದವರು ಮುಂದಿನ ಆರು ತಿಂಗಳು ಪೆಟ್ರೋಲ್ ಬಂಕಿಗೆ ದಂಡ ಕಟ್ಟುತ್ತಾರೆ. 2021ರಿಂದ ಫೇಲಾದ ಗಾಡಿಗೆ ಕಾರಣ ಬರೆದ ತಿರಸ್ಕಾರದ ಚೀಟಿ ಕೊಡುವ ನಿಯಮವೂ ಬಂದಿದೆ. ಅದನ್ನು ಕೇಳಿ ಪಡೆಯುವವರು ಮಾತ್ರ ವಿರಳ.

ಲಾರಿ, ಟೆಂಪೊಗಳ ಲೋಕದಲ್ಲಿ ಆಟ ಇನ್ನೂ ನಾಜೂಕು. ಡೀಸೆಲ್ ಗಾಡಿಯ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹೊಗೆ ಎಷ್ಟು ದಟ್ಟ ಎಂದು ಅಳೆಯುತ್ತಾರೆ. ಹಳೆಯವಕ್ಕೆ ಮಿತಿ 65, ಬಿಎಸ್–4ಕ್ಕೆ 50 ಹಾರ್ಟ್‌ರಿಜ್ ಮಾನ. ಫಿಟ್‌ನೆಸ್ ಪರೀಕ್ಷೆಯ (ಎಫ್‌ಸಿ) ದಿನ ಡೀಸೆಲ್ ಪಂಪಿನ ಹರಿವನ್ನು ಇಳಿಸಿ ತರುವುದು, ಸರ್ಟಿಫಿಕೇಟ್ ಬಂದ ಸಂಜೆ ‘ಪಿಕಪ್ ಇಲ್ಲ’ ಎಂದು ಮತ್ತೆ ಏರಿಸುವುದು ಹೆದ್ದಾರಿ ಗ್ಯಾರೇಜುಗಳ ಹಳೇ ವ್ಯಾಪಾರ. ಆ ಕಪ್ಪು ಹೊಗೆ ಸುಡದ ಡೀಸೆಲ್ಲು ಎಂಬುದು ಚಾಲಕನಿಗೂ ಗೊತ್ತು. ಘಾಟಿ ಹತ್ತುವಾಗ ಅವನಿಗೆ ಬೇಕಾದದ್ದು ಮಾತ್ರ ಬೇರೆ.

*ಬಾಕ್ಸ್*
ಜೇಬಿಗೆಷ್ಟು, ಗಡುವೆಷ್ಟು?
ಖಾಸಗಿ ವಾಹನದ ನೋಂದಣಿ 15 ವರ್ಷ. ನಂತರ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು.
2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ ಬೈಕಿಗೆ 1,000, ಕಾರಿಗೆ 5,000 ರೂಪಾಯಿ. 2025ರ ಆಗಸ್ಟ್ ಆದೇಶದಂತೆ 20 ವರ್ಷ ದಾಟಿದ್ದರೆ ಅದು ದುಪ್ಪಟ್ಟು.
ಎಮಿಷನ್ ಸರ್ಟಿಫಿಕೇಟ್ ಹಳೇ ಗಾಡಿಗೆ ಆರು ತಿಂಗಳು, ಬಿಎಸ್–4 ಮತ್ತು ನಂತರದವಕ್ಕೆ ಒಂದು ವರ್ಷ.
ಮಿತಿ ಮೀರಿದ ಹೊಗೆಗೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ ವಿಧಿಸಬಹುದು.

ಐವತ್ತು ದಾಟಿದರೆ ಬೇರೆ ದರ್ಜೆ

1970ರ ದಶಕದ ಆರಂಭದವರೆಗಿನ ಜಾವಾ ಇಟ್ಟುಕೊಂಡವರಿಗೆ ಇನ್ನೊಂದು ದಾರಿ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರಲ್ಲಿ ‘ವಿಂಟೇಜ್’ ನೋಂದಣಿ ಬಂತು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’. ಶುಲ್ಕ 20,000 ರೂಪಾಯಿ, ಮಾನ್ಯತೆ ಹತ್ತು ವರ್ಷ. ಆದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೇ ರಸ್ತೆಗಿಳಿಸಬೇಕು. ದಿನಾ ಬೆಳಿಗ್ಗೆ ಗಾಂಧಿಬಜಾರಿನಿಂದ ತರಕಾರಿ ತರುವವರಿಗೆ ಈ ಗೌರವ ಬೇಡ.

ಕ್ಯಾಲಿಫೋರ್ನಿಯಾದ ಲೆಕ್ಕ ಇದಕ್ಕಿಂತ ಖಡಕ್. ಅಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್ಲಿನ ಪೆಟ್ರೋಲ್ ಕಾರಿಗೆ ಪರೀಕ್ಷೆಯೇ ಇಲ್ಲ. ಆದರೆ 1976ರಿಂದ 1999ರವರೆಗಿನವನ್ನು ದೊಡ್ಡ ಊರುಗಳಲ್ಲಿ ಉರುಳೆಗಳ ಮೇಲೆ ಹತ್ತಿಸಿ, ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ, ನೈಟ್ರೋಜನ್ ಆಕ್ಸೈಡ್ ಸಮೇತ ಅಳೆಯುತ್ತಾರೆ. ಸ್ಯಾನ್ ಹೋಸೆಯ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ಕಲಿಯಲೆಂದು ಉಳಿಸಿಕೊಂಡ 90ರ ದಶಕದ ಕಾರಿದ್ದರೆ, ಎರಡು ವರ್ಷಕ್ಕೊಮ್ಮೆ ಈ ತಲೆನೋವು. ನಮ್ಮ ಪರೀಕ್ಷೆ ನಿಂತಲ್ಲೇ ಗುರುಗುಟ್ಟುವ ಗಾಡಿಯದ್ದು. ಸಿಲ್ಕ್ ಬೋರ್ಡ್ ಮೇಲ್ಸೇತುವೆ ಹತ್ತುವಾಗ ಅದೇ ಗಾಡಿ ಏನು ಉಗುಳುತ್ತದೆಂದು ನಮ್ಮ ಚೀಟಿ ಹೇಳುವುದಿಲ್ಲ. ನೈಟ್ರೋಜನ್ ಆಕ್ಸೈಡನ್ನಾಗಲೀ ಸೂಕ್ಷ್ಮ ಕಣವನ್ನಾಗಲೀ ಅದು ಅಳೆಯುವುದೇ ಇಲ್ಲ.

ಮಳೆಗಾಲದಲ್ಲಿ ಹಳೇ ಗಾಡಿಯವರಿಗೆ ಇನ್ನೊಂದು ಕಾಟ: ಶೇ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರ್ ಗಾಡಿಯ ಮಿಶ್ರಣ ತುಸು ಬಡವಾಗಿ, ಕಾರ್ಬನ್ ಮಾನಾಕ್ಸೈಡ್ ಅಂಕಿ ಇಳಿದಂತೆ ಕಾಣುತ್ತದೆ. ಅದೇ ಎಥನಾಲ್ ಹಳೇ ರಬ್ಬರ್ ವಾಷರನ್ನು ತಿನ್ನುತ್ತದೆ, ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ವಾರಗಟ್ಟಲೆ ನಿಂತ ಟೂಸ್ಟ್ರೋಕ್ ಗಾಡಿಯನ್ನು ಹಳೇ ಪೆಟ್ರೋಲಿನಲ್ಲೇ ಪರೀಕ್ಷೆಗೆ ಒಯ್ಯಬಾರದು. ಟ್ಯಾಂಕ್ ಖಾಲಿ ಮಾಡಿ ಎರಡು ಲೀಟರ್ ತಾಜಾ ಹಾಕಿಸುವುದೇ ಲೇಸು.

ಮುಂದಿನ ಸರದಿ ಮಧ್ಯವಯಸ್ಸಿನ ಕಾರುಗಳದು. ಬೆಂಗಳೂರಿನಲ್ಲಿ 2010ರ ಏಪ್ರಿಲ್‌ನಿಂದ ಇಳಿದ ಬಿಎಸ್–4 ಕಾರುಗಳ ಮೊದಲ ತಂಡ 15 ವರ್ಷ ದಾಟಿದೆ. ಅವಕ್ಕೆ ಮಿತಿ ಶೇ 0.3, ಹೈಡ್ರೋಕಾರ್ಬನ್ 200. ಮೇಲಾಗಿ ನಿಮಿಷಕ್ಕೆ 2,500 ಸುತ್ತಿನಲ್ಲಿ ಗಾಳಿ–ಪೆಟ್ರೋಲ್ ಅನುಪಾತವನ್ನು ಹೇಳುವ ಲ್ಯಾಂಬ್ಡಾ 0.97ರಿಂದ 1.03ರ ನಡುವೆಯೇ ನಿಲ್ಲಬೇಕು. ಸೈಲೆನ್ಸರಿನಲ್ಲಿ ಸೂಜಿ ತೂರುವಷ್ಟು ತೂತಿದ್ದರೂ ಆ ಅಂಕಿ ಜಾರುತ್ತದೆ. ಈ ವಯಸ್ಸಿನ ಕಾರು ಕೊಳ್ಳಹೊರಟವರು ಮಾರುವವರ ಕೈಯಲ್ಲಿರುವ ಸರ್ಟಿಫಿಕೇಟ್ ನೋಡಿ ಅಡ್ವಾನ್ಸ್ ಕೊಡಬೇಡಿ. ಗಾಡಿಯನ್ನೇ ಬಂಕಿಗೆ ಒಯ್ದು, ಕಣ್ಣೆದುರು ಕೊಳವೆ ಹಾಕಿಸಿ, ಬಂದ ಅಂಕಿಗಳನ್ನು ಹಿಡಿದು ಚೌಕಾಸಿಗೆ ಕೂರಿ.